ರಾಗಿಯ ಜೀನೋಮ್ ಮೂರು ಸಲ ಓದಿ ಆಯಿತು. ಹೊಲ ಅಳೆಯುವವರು ಎಲ್ಲಿ?

ಆರೇಳು ವರ್ಷಗಳ ಅವಧಿಯಲ್ಲಿ ರಾಗಿಯ ಜೀನೋಮ್, ಅಂದರೆ ಗಿಡದ ಪೂರ್ತಿ ಡಿಎನ್‌ಎ ಬರಹ, ಮೂರು ಸಲ ಪ್ರಕಟವಾಗಿದೆ. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ತಂಡದ್ದು ಮೊದಲು ಬಂತು. ಹೆಚ್ಚುಕಡಿಮೆ ಅದರ ಬೆನ್ನಿಗೇ ಅದೇ ಆವರಣದ ಇನ್ನೊಂದು ವಿಭಾಗದವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಜತೆ ಸೇರಿ ಇನ್ನೊಂದನ್ನು ತಂದರು. 2023ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಮೂರನೆಯದು, ಎಲ್ಲಕ್ಕಿಂತ ಪೂರ್ಣವಾದದ್ದು ಬಂತು. ಅದೇ ವರ್ಷ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿದ್ದರಿಂದ ಭಾಷಣಗಳಿಗೆ ಬರವಿರಲಿಲ್ಲ.

ಈಗ ತುಮಕೂರು, ಹಾಸನ, ಮಂಡ್ಯ, ಕೋಲಾರದ ಕಡೆ ಹೋಗಿ ಯಾವ ಬೀಜ ಹಾಕಿದ್ದೀರಿ ಎಂದು ಕೇಳಿ. ಜಿಪಿಯು-28, ಎಂಆರ್-6, ಎಂಎಲ್-365, ಕೆಎಂಆರ್ ಸಾಲಿನ ಒಂದೆರಡು. ಇವೆಲ್ಲ ಜೀನೋಮ್ ಓದುವ ಯಂತ್ರದ ಮುಖ ನೋಡದೆ ಹುಟ್ಟಿದ ತಳಿಗಳು. ತೆನೆಗೆ ತೆನೆ ಅಡ್ಡ ಹಾಯಿಸಿ, ಹತ್ತಾರು ಹಂಗಾಮು ಸಾಲಿನಲ್ಲಿ ನಿಂತು ಆರಿಸಿ ತೆಗೆದವು.

ಹಾಗಾದರೆ ಜೀನೋಮ್ ಕೆಲಸವೆಲ್ಲ ದಂಡ ಎಂದು ಹೇಳಲು ನಾನು ಹೊರಟಿಲ್ಲ. ವಿಶ್ವವಿದ್ಯಾಲಯದ ಜೀನೋಮಿಕ್ಸ್ ಪ್ರಯೋಗಾಲಯದಲ್ಲಿ ಯಾರ್ಯಾರು ಇರುತ್ತಾರೆ, ಅವರಿಗೆ ಯಾವುದರಲ್ಲಿ ಆಸಕ್ತಿ, ದುಡ್ಡು ಯಾವ ಕೆಲಸಕ್ಕೆ ಸಿಗುತ್ತದೆ ಎಂದು ನೋಡಿದರೆ ತಡ ಎಲ್ಲಿ ಆಗುತ್ತಿದೆ ಎಂಬುದು ಗೊತ್ತಾಗುತ್ತದೆ. ಡಿಎನ್‌ಎ ಓದುವುದು ಅಗ್ಗವಾಗಿದೆ, ಬೇಗ ಮುಗಿಯುತ್ತದೆ, ಪ್ರಬಂಧವೂ ಆಗುತ್ತದೆ. ಗಿಡವನ್ನು ಅಳೆಯುವುದು ಮಾತ್ರ ಮೊದಲಿನಷ್ಟೇ ನಿಧಾನ, ಮೊದಲಿನಷ್ಟೇ ಬೆವರಿನ ಕೆಲಸ. ಕೊರತೆ ಇರುವುದು ಅಲ್ಲಿ.

ಭತ್ತಕ್ಕೆ 2005, ರಾಗಿಗೆ 2017

ಭತ್ತದ ಜೀನೋಮ್ ಪೂರ್ಣವಾಗಿ ಪ್ರಕಟವಾದದ್ದು 2005ರಲ್ಲಿ. ಹತ್ತು ದೇಶಗಳ ಕೂಟ ಅದು. ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣ ಮತ್ತು ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯವರು ಸೇರಿ 11ನೇ ಕ್ರೋಮೋಸೋಮಿನ ಒಂದು ಭಾಗವನ್ನು ವಹಿಸಿಕೊಂಡಿದ್ದರು. ರಾಗಿಯ ಸರದಿ ಬರಲು ಮತ್ತೆ ಹನ್ನೆರಡು ವರ್ಷ ಹಿಡಿಯಿತು. ಜಗತ್ತಿನ ದೊಡ್ಡ ಬೀಜ ಕಂಪನಿಗಳಿಗೆ ರಾಗಿ ಬೇಕಿಲ್ಲ ಎಂಬುದು ಒಂದು ಕಾರಣ. ಪೂರ್ವ ಆಫ್ರಿಕಾ, ಭಾರತ, ನೇಪಾಳ ಬಿಟ್ಟರೆ ಇದನ್ನು ಉಣ್ಣುವವರು ಕಡಿಮೆ. ಭಾರತದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ರಾಜ್ಯದ್ದೇ ಆಗಿರುವಾಗ ಇದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾದವರು ನಾವೇ ಆಗಿದ್ದೆವು.

ಇನ್ನೊಂದು ಕಾರಣ ಗಿಡದೊಳಗಿನದು. ರಾಗಿಯ ಜೀನೋಮ್ ಸುಮಾರು 150 ಕೋಟಿ ಅಕ್ಷರಗಳದ್ದು, ಅಂದರೆ ಮನುಷ್ಯನದರ ಅರ್ಧ, ಭತ್ತದ ಮೂರೂವರೆ ಪಟ್ಟಿಗೂ ಹೆಚ್ಚು. ಉದ್ದ ಮಾತ್ರವಾಗಿದ್ದರೆ ಹೇಗೋ ನಡೆಯುತ್ತಿತ್ತು. ರಾಗಿಯಲ್ಲಿ ಇರುವುದು ಎರಡು ಹುಲ್ಲುಗಳ ಜೀನೋಮ್. ಬಹಳ ಹಿಂದೆ ಎರಡು ಬೇರೆ ಬೇರೆ ಹುಲ್ಲುಗಳು ಕೂಡಿ, ಇಬ್ಬರ ಕ್ರೋಮೋಸೋಮುಗಳೂ ಒಟ್ಟಿಗೆ ಉಳಿದುಕೊಂಡವು. ಒಟ್ಟು 36 ಕ್ರೋಮೋಸೋಮು. 'ಎ' ಕಡೆಯಿಂದ ಒಂಬತ್ತು ಜೋಡಿ, 'ಬಿ' ಕಡೆಯಿಂದ ಒಂಬತ್ತು ಜೋಡಿ. 'ಎ' ಕಡೆಯ ನೆಂಟ ಎಲ್ಯೂಸಿನ್ ಇಂಡಿಕಾ ಅಥವಾ ಅದಕ್ಕೆ ತೀರ ಹತ್ತಿರದ್ದು. ಬೆಂಗಳೂರಿನ ಫುಟ್‌ಪಾತಿನ ಸಂದಿಯಲ್ಲಿ, ಹೊಲದ ಬದುವಿನಲ್ಲಿ ಚಪ್ಪಟೆಯಾಗಿ ಹಬ್ಬಿರುವ ಹುಲ್ಲು ಇದೇ. 'ಬಿ' ಕಡೆಯವರು ಯಾರೆಂದು ಇನ್ನೂ ಸಿಕ್ಕಿಲ್ಲ, ಬಹುಶಃ ಆ ಹುಲ್ಲು ಅಳಿದೇ ಹೋಗಿದೆ.

ಜೀನೋಮನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿ ಓದುವ ಯಂತ್ರ ಆಗ ಇರಲಿಲ್ಲ. ಡಿಎನ್‌ಎಯನ್ನು ನೂರಿನ್ನೂರು ಅಕ್ಷರಗಳ ಚೂರಾಗಿಸಿ, ಕೋಟ್ಯಂತರ ಚೂರುಗಳನ್ನು ಓದಿ, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಒಂದೇ ಸಂವತ್ಸರದ ಎರಡು ಮಠಗಳ ಪಂಚಾಂಗ ತಂದು, ಎರಡನ್ನೂ ಅಕ್ಕಿಕಾಳಿನಷ್ಟು ಹರಿದು, ಕಲಸಿ ಕೊಟ್ಟು, ಈಗ ಎರಡನ್ನೂ ಬೇರೆ ಬೇರೆಯಾಗಿ ಜೋಡಿಸಿ ಎಂದರೆ ಹೇಗಿರುತ್ತದೋ ರಾಗಿಯ ಕೆಲಸ ಹಾಗಿತ್ತು. ಎಲ್ಲ ಸಾಲೂ ಹೆಚ್ಚುಕಡಿಮೆ ಒಂದೇ. ಅಲ್ಲೊಂದು ಘಳಿಗೆ, ಇಲ್ಲೊಂದು ವಿಘಳಿಗೆಯ ವ್ಯತ್ಯಾಸ.

ಒಂದೇ ಆವರಣ, ಎರಡು ವಿಭಾಗ

2017ರ ಕೆಲಸ ಜಿಕೆವಿಕೆಯ ತಳಿ ಅಭಿವೃದ್ಧಿ ಮತ್ತು ಅನುವಂಶೀಯ ವಿಭಾಗದ್ದು, ಶೈಲಜಾ ಹಿತ್ತಲಮನಿ ಅವರ ಪ್ರಯೋಗಾಲಯದ್ದು. ಆ ಪ್ರಯೋಗಾಲಯದ ಮೂಲ ಆಸಕ್ತಿ ನೀರು. ಕೆಸರು ಮಾಡದೆ, ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತದ ತಳಿ ಎಂಎಎಸ್ 946-1 ಅಲ್ಲಿಂದಲೇ ಬಂದದ್ದು. ಬರ ತಡೆಯುವ ಗುಣವನ್ನು ಭತ್ತದಲ್ಲಿ ಹುಡುಕಿ ಪಳಗಿದವರು ಬರದಲ್ಲೇ ಬದುಕುವ ರಾಗಿಯ ಕಡೆ ತಿರುಗಿದ್ದು ಸಹಜವೇ. ಅವರು ಓದಲು ಆರಿಸಿಕೊಂಡದ್ದು ಎಂಎಲ್-365, ಬರ ತಡೆಯುತ್ತದೆ ಎಂದು ಬಿಡುಗಡೆಯಾದ ತಳಿ.

ಆ ಓದು ಜೀನೋಮಿನ ಸುಮಾರು 82% ಭಾಗವನ್ನು ಮುಟ್ಟಿತು. 85,243 ಜೀನ್‌ಗಳನ್ನು ಗುರುತಿಸಿತು. ಕ್ಯಾಲ್ಸಿಯಂ ಸಾಗಿಸುವ, ಕೂಡಿಡುವ ಕೆಲಸಕ್ಕೆ ಸಂಬಂಧಿಸಿದ 330 ಜೀನ್‌ಗಳಿವೆ ಎಂದಿತು. ಆದರೆ ಜೋಡಣೆ ಐದು ಲಕ್ಷಕ್ಕೂ ಹೆಚ್ಚು ತುಂಡುಗಳಲ್ಲಿ ನಿಂತಿತ್ತು. ಇದು ಆಗಿನ ಯಂತ್ರದ ಮಿತಿ, ಆ ತಂಡದ ಮಿತಿಯಲ್ಲ.

ಜ್ಯೂರಿಕ್ ಜತೆಗಿನ ಕೆಲಸದಲ್ಲಿ ಇದ್ದವರು ಬೇರೆ. ಜಿಕೆವಿಕೆಯ ಬೆಳೆ ಶರೀರಕ್ರಿಯಾ ವಿಭಾಗದ ಕರಬ ನಟರಾಜ, ಎಂ. ಎಸ್. ಶೇಷಶಾಯಿ ಮುಂತಾದವರು ಈ ಕಡೆಯಿಂದ; ಆ ಕಡೆಯಿಂದ ಕೆಂಟಾರೊ ಶಿಮಿಜು ಅವರ ಪ್ರಯೋಗಾಲಯ. ಶಿಮಿಜು ಅವರ ಆಸಕ್ತಿಯೇ ಬೇರೆ ದಿಕ್ಕಿನದು: ಎರಡು ಜೀನೋಮು ಒಂದೇ ಗಿಡದಲ್ಲಿ ಕೂಡಿದಾಗ ವಿಕಾಸದಲ್ಲಿ ಏನಾಗುತ್ತದೆ ಎಂಬುದು. ಅವರಿಗೆ ರಾಗಿ ಆ ಪ್ರಶ್ನೆಯ ಒಂದು ಉದಾಹರಣೆ, ಜಿಕೆವಿಕೆಯವರಿಗೆ ಬೆಳೆ. ಒಂದೇ ಪ್ರಬಂಧದಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು. ಅವರು ಓದಿದ್ದು ಆಂಧ್ರ ಮೂಲದ ಪಿಆರ್-202. ಕಿರು ಚೂರುಗಳ ಓದಿಗೆ ಉದ್ದ ಓದನ್ನೂ ಡಿಎನ್‌ಎ ಎಳೆಯ ನಕ್ಷೆಯನ್ನೂ ಬೆರೆಸಿ ಜೋಡಿಸಿದ್ದರಿಂದ ಐದು ಲಕ್ಷದ ಜಾಗಕ್ಕೆ 2,387 ತುಂಡು ಬಂತು. ಜೀನ್‌ಗಳ ಎಣಿಕೆ 62,348ಕ್ಕೆ ಇಳಿಯಿತು.

ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನ್ ಎಲ್ಲಿ ಹೋದವು? ಎಲ್ಲಿಗೂ ಹೋಗಿಲ್ಲ. ಜೋಡಣೆ ಚೂರುಚೂರಾಗಿದ್ದಾಗ ಒಂದೇ ಜೀನ್ ಎರಡು ತುಂಡಿನಲ್ಲಿ ಬಿದ್ದು ಎರಡು ಸಲ ಎಣಿಕೆಗೆ ಬರುತ್ತದೆ. "ವಿಜ್ಞಾನಿಗಳು ಇಷ್ಟು ಸಾವಿರ ಜೀನ್ ಪತ್ತೆ ಹಚ್ಚಿದರು" ಎಂಬ ಸುದ್ದಿ ಓದುವಾಗ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಜೀನೋಮಿಕ್ಸಿನಲ್ಲಿ ದೊಡ್ಡ ಸಂಖ್ಯೆ ಒಳ್ಳೆಯ ಸಂಖ್ಯೆಯೇ ಆಗಬೇಕೆಂದಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಒಂದೇ ಆವರಣದ ಎರಡು ವಿಭಾಗ ಒಂದೇ ಬೆಳೆಯ ಜೀನೋಮನ್ನು ಬೇರೆ ಬೇರೆ ತಳಿಯಲ್ಲಿ, ಬೇರೆ ಬೇರೆ ಜತೆಗಾರರೊಂದಿಗೆ ಓದಿದ್ದು ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಎರಡು ತಳಿ ಓದಿದ್ದರಿಂದ ಹೋಲಿಸಲು ಎರಡು ಸಿಕ್ಕವು, ನಷ್ಟವೇನಿಲ್ಲ. ಆದರೆ ನಮ್ಮ ವಿಶ್ವವಿದ್ಯಾಲಯಗಳು ಹೇಗೆ ನಡೆಯುತ್ತವೆ ಎಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಪ್ರಾಜೆಕ್ಟ್ ಬರುವುದು ಪ್ರೊಫೆಸರ್ ಹೆಸರಿಗೆ, ಬೆಳೆಯ ಹೆಸರಿಗಲ್ಲ.

ಜಾರ್ಜಿಯಾ, ಕೀನ್ಯಾ ಮತ್ತು ನೇರಳೆ ಬಣ್ಣ

2023ರ ಜೀನೋಮಿನ ಹಿಂದೆ ಕ್ಯಾಟ್ರಿಯನ್ ಡೆವೊಸ್ ಅವರ ಪ್ರಯೋಗಾಲಯವಿದೆ. ಅವರು ರಾಗಿಗೆ ಹೊಸಬರಲ್ಲ. ಕೀನ್ಯಾದ ಮ್ಯಾಥ್ಯೂಸ್ ಡಿಡಾ ಜತೆ ಸೇರಿ ರಾಗಿಯ ಮೊದಲ ಅನುವಂಶೀಯ ನಕ್ಷೆಯನ್ನು 2007ರಲ್ಲೇ ಪ್ರಕಟಿಸಿದ್ದರು. ಈ ಸಲ ಓದಿದ್ದು ಕೀನ್ಯಾದ ಕೆಎನ್‌ಇ 796-ಎಸ್ ಎಂಬ ಸಾಲು. ಫಲ: ತುಂಡುಗಳ ರಾಶಿಯ ಬದಲು 18 ಪೂರ್ಣ ಕ್ರೋಮೋಸೋಮು, ಒಂಬತ್ತು 'ಎ', ಒಂಬತ್ತು 'ಬಿ'. ಈಗ ಯಾವ ಜೀನ್ ಎಲ್ಲಿದೆ, ಅದರ ಪಕ್ಕ ಏನಿದೆ ಎಂದು ಬೆರಳಿಟ್ಟು ತೋರಿಸಬಹುದು.

ಅವರು ಕಂಡದ್ದರಲ್ಲಿ ಎರಡು ಸಂಗತಿ ತಳಿ ಮಾಡುವವರಿಗೆ ನೇರವಾಗಿ ತಟ್ಟುವಂಥವು. ಒಂದು, ರಾಗಿಯ ಎರಡು ಜೀನೋಮು ಕೂಡಿ ಸುಮಾರು 13 ಲಕ್ಷ ವರ್ಷವಾಗಿದ್ದರೂ ಎರಡೂ ಕಡೆಯ ಜೀನ್‌ಗಳು ಹೆಚ್ಚಿನ ಪಾಲು ಹಾಗೇ ಉಳಿದಿವೆ, ಒಂದು ಇನ್ನೊಂದರ ಮೇಲೆ ಯಜಮಾನಿಕೆ ನಡೆಸುತ್ತಿಲ್ಲ. ಇದರ ಅರ್ಥ, ಒಂದು ಜೀನ್ ಕೆಟ್ಟರೂ ಅದರ ಜತೆಗಾರ ಆ ಕೆಲಸ ನಡೆಸಿಕೊಂಡು ಹೋಗಬಹುದು. ಗಿಡಕ್ಕೆ ಒಳ್ಳೆಯದು. ಒಂದು ಜೀನನ್ನು ಕೆಡಿಸಿ ಹೊಸ ಗುಣ ತರುವೆನೆನ್ನುವ ವಿಜ್ಞಾನಿಗೆ ದುಪ್ಪಟ್ಟು ಕೆಲಸ.

ಎರಡನೆಯದು ನೇರಳೆ ಬಣ್ಣದ್ದು. ಕೆಲವು ರಾಗಿ ಗಿಡಗಳ ಹೂವಿನ ಕೇಸರ, ಶಲಾಕಾಗ್ರ (ಪರಾಗ ಬೀಳುವ ಹೆಣ್ಣು ತುದಿ) ನೇರಳೆ ಇರುತ್ತವೆ, ಕೆಲವದರಲ್ಲಿ ಇರುವುದಿಲ್ಲ. ನೇರಳೆ ಇಲ್ಲದ ಗಿಡಗಳಲ್ಲಿ ಬಣ್ಣವನ್ನು ನಿಯಂತ್ರಿಸುವ ಜೀನ್ ಕೆಲಸ ನಿಲ್ಲಿಸಿದೆ ಎಂದು ಆ ತಂಡ ತೋರಿಸಿತು. ಮೆಕ್ಕೆಜೋಳದಲ್ಲಿ ಇದರ ದಾಯಾದಿ ಜೀನ್ ಬಹಳ ಹಿಂದಿನಿಂದ ಗೊತ್ತು. ಕಾಳಿನ ಸಿಪ್ಪೆಯ ಕಂದು ಬಣ್ಣಕ್ಕೆ ಕಾರಣವಾಗುವ ಟ್ಯಾನಿನ್ ಜಾತಿಯ ವಸ್ತುವಿಗೆ ಇದರಿಂದ ಧಕ್ಕೆ ಇಲ್ಲ ಎಂಬುದನ್ನೂ ತೋರಿಸಿದರು.

ಹೂವಿನ ಬಣ್ಣ ಯಾರಿಗೆ ಬೇಕು ಎನ್ನಬೇಡಿ. ರಾಗಿ ತಳಿ ಮಾಡುವವರ ಪಾಲಿಗೆ ನೇರಳೆ ಬಣ್ಣವೇ ಸಾಕ್ಷಿ. ಅದು ಯಾಕೆಂದು ಹೇಳಬೇಕಾದರೆ ಅಡ್ಡ ಹಾಯಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ರಾಗಿಯ ತೆನೆಯಲ್ಲಿ ಬೆರಳಿನಂಥ ಇಲುಕುಗಳು, ಇಲುಕಿನ ಮೇಲೆ ಎರಡು ಸಾಲಾಗಿ ಕಿರುತೆನೆಗಳು, ಒಂದೊಂದು ಕಿರುತೆನೆಯಲ್ಲೂ ನಾಲ್ಕಾರು ಹೂವು. ಒಂದೊಂದು ಹೂವು ಎರಡು ಮೂರು ಮಿಲಿಮೀಟರ್. ಗಂಡು ಹೆಣ್ಣು ಎರಡೂ ಅದರೊಳಗೇ. ಅದು ಅರಳುವುದು ನಡುರಾತ್ರಿ ಕಳೆದು, ಬೆಳಗಿನ ಜಾವದೊಳಗೆ. ಮೂರು ಕೇಸರ ಒಡೆದು ಪರಾಗ ತನ್ನದೇ ಶಲಾಕಾಗ್ರಕ್ಕೆ ಬಿದ್ದು ಕೆಲಸ ಮುಗಿದಿರುತ್ತದೆ. ವಿಜ್ಞಾನಿ ಬೆಳಿಗ್ಗೆ ಕಾಫಿ ಕುಡಿದು ಹೊಲಕ್ಕೆ ಬರುವಷ್ಟರಲ್ಲಿ ಮದುವೆ ಮುಗಿದು ಮಂಟಪ ಖಾಲಿ. ಭತ್ತದ ಹಾಗೆ ಚಿಮುಟ ಹಿಡಿದು ಒಂದೊಂದೇ ಹೂವಿನ ಕೇಸರ ಕೀಳುವುದು ಇಲ್ಲಿ ಬಹಳ ಕಷ್ಟ. ಆದ್ದರಿಂದ ಎರಡು ಉಪಾಯ. ಅರಳುವ ಮುಂಚೆ ತೆನೆಯನ್ನು ಸುಮಾರು 50 ಡಿಗ್ರಿ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಪರಾಗ ಸಾಯಿಸಿ, ಹೆಣ್ಣು ಭಾಗ ಉಳಿಸಿಕೊಳ್ಳುವುದು. ನೀರು ಒಂದೆರಡು ಡಿಗ್ರಿ ಹೆಚ್ಚಾದರೆ ಹೆಣ್ಣೂ ಹೋಯಿತು. ಇಲ್ಲವೇ ಗಂಡು ತೆನೆ, ಹೆಣ್ಣು ತೆನೆ ಎರಡನ್ನೂ ಒಟ್ಟಿಗೆ ಕಟ್ಟಿ, ಚೀಲ ಹಾಕಿ, ಅಕ್ಕಪಕ್ಕದಲ್ಲೇ ಅರಳಲು ಬಿಡುವುದು.

ಎರಡರಲ್ಲೂ ಬಂದ ಕಾಳಿನಲ್ಲಿ ಹೆಚ್ಚಿನ ಪಾಲು ತಾಯಿಯದೇ ಸ್ವಂತ ಕಾಳು. ನಿಜವಾಗಿ ಅಡ್ಡ ಬಿದ್ದದ್ದು ಅಲ್ಲೊಂದು ಇಲ್ಲೊಂದು. ಅದನ್ನು ಗುರುತಿಸುವುದು ಹೇಗೆ? ಹಸಿರು ಗಿಡವನ್ನು ಹೆಣ್ಣಾಗಿ, ನೇರಳೆ ಗಿಡವನ್ನು ಗಂಡಾಗಿ ಇಟ್ಟುಕೊಳ್ಳುವುದು. ನೇರಳೆ ಪ್ರಬಲ ಗುಣ. ಮುಂದಿನ ಹಂಗಾಮಿನಲ್ಲಿ ಮಡಿಯಲ್ಲಿ ಬಂದ ನೂರಾರು ಸಸಿಗಳಲ್ಲಿ ನೇರಳೆ ಛಾಯೆ ಕಂಡದ್ದೇ ಮಿಶ್ರ ತಳಿ, ಉಳಿದವನ್ನು ಕಿತ್ತು ಬಿಸಾಡಿದರಾಯಿತು. ಹಲವು ದಶಕ ರಾಗಿ ವಿಜ್ಞಾನಿಗಳು ಈ ಕಣ್ಣಳತೆಯ ಮೇಲೆ ಕೆಲಸ ನಡೆಸಿದ್ದಾರೆ. 2023ರಲ್ಲಿ ಆ ಬಣ್ಣದ ಜೀನ್ ಸಿಕ್ಕಿತು. ಈಗ ಡಿಎನ್‌ಎ ಗುರುತು ಇಟ್ಟುಕೊಂಡು, ತಂದೆ ಯಾವ ಬಣ್ಣದ್ದಾದರೂ ಸರಿ, ಸಸಿ ಎರಡು ಎಲೆ ಬಿಟ್ಟಾಗಲೇ ಅಡ್ಡ ಬಿದ್ದಿದೆಯೇ ಇಲ್ಲವೇ ಹೇಳಬಹುದು. ಜೀನೋಮಿಕ್ಸ್ ನಿಜವಾಗಿ ಉಪಕಾರಕ್ಕೆ ಬರುವುದು ಇಂಥ ಕಡೆ. ಆದರೆ ಅಡ್ಡ ಹಾಯಿಸಲು ಬಲ್ಲ ಕೈ ಮೊದಲು ಬೇಕಲ್ಲ?

ಇಂಡಾಫ್ ಕಲಿಸುವ ಪಾಠ

ರಾಗಿಯಲ್ಲಿ ಈ ಕೈಚಳಕ ಎಷ್ಟು ದೂರ ಹೋಗಬಹುದೆಂದು ತೋರಿಸಿದವರು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯ. ಮೈಸೂರು ಸಂಸ್ಥಾನದಲ್ಲಿ ಎಚ್-22 ಎಂಬ ಮೊದಲ ಸುಧಾರಿತ ರಾಗಿ 1918ರಲ್ಲಿ ಬಂದಿತ್ತು. ಅದು ಇದ್ದದ್ದರಲ್ಲಿ ಒಳ್ಳೆಯದನ್ನು ಆರಿಸಿದ್ದು. ಲಕ್ಷ್ಮಣಯ್ಯ ಮಂಡ್ಯದ ವಿ. ಸಿ. ಫಾರ್ಮಿನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಅಡ್ಡ ಹಾಯಿಸಿದರು. 1970ರ ದಶಕದಿಂದ ಬಂದ ಇಂಡಾಫ್ ತಳಿಗಳ ಹೆಸರಿನಲ್ಲೇ ಎರಡೂ ನಾಡು ಸೇರಿವೆ.

ಜಿಪಿಯು-28ರ ವಂಶಾವಳಿ ನೋಡಿ: ಇಂಡಾಫ್-5ಕ್ಕೆ, ಇಂಡಾಫ್-9 ಮತ್ತು ಐಇ-1012 ಕೂಡಿದ ಸಂತಾನವನ್ನು ಅಡ್ಡ ಹಾಯಿಸಿದ್ದು. ಐಇ-1012 ಬೆಂಕಿ ರೋಗ ತಡೆಯುವ ಆಫ್ರಿಕಾ ಮೂಲದ ಸಾಲು. ಜಿಕೆವಿಕೆಯವರು ಜೀನೋಮ್ ಓದಿದ ಎಂಎಲ್-365 ಕೂಡ ಐಇ-1012 ಮತ್ತು ಇಂಡಾಫ್-5ರ ಮಗು. ಅಂದರೆ ಇವತ್ತು ನಮ್ಮ ಬಹುಪಾಲು ಹೊಲಗಳಲ್ಲಿ ಕುತ್ತಿಗೆ ಬೆಂಕಿ, ಇಲುಕು ಬೆಂಕಿ ಬಂದಾಗ ಗಿಡವನ್ನು ಕಾಯುತ್ತಿರುವ ಶಕ್ತಿ ಒಂದೆರಡು ಪೂರ್ವಜರಿಂದ ಬಂದದ್ದು. ಇದು ನನ್ನನ್ನು ಸ್ವಲ್ಪ ಕಂಗೆಡಿಸುವ ವಿಷಯ. ರೋಗ ತರುವ ಶಿಲೀಂಧ್ರ ಸುಮ್ಮನೆ ಕೂರುವುದಿಲ್ಲ, ಬದಲಾಗುತ್ತಲೇ ಇರುತ್ತದೆ. ಐಇ-1012ರ ತಡೆ ಯಾವ ಜೀನ್‌ನಲ್ಲಿದೆ, ಅದು ಮುರಿದರೆ ಬದಲಿ ಯಾವುದು ಎಂಬುದು ರಾಗಿ ಜೀನೋಮಿಕ್ಸಿನ ಮೊದಲ ಪ್ರಶ್ನೆಯಾಗಬೇಕು ಎಂದು ನನಗನಿಸುತ್ತದೆ. ಬರಕ್ಕೂ ಕ್ಯಾಲ್ಸಿಯಮ್ಮಿಗೂ ಸಿಕ್ಕಷ್ಟು ಹೆಡ್‌ಲೈನ್ ಬೆಂಕಿ ರೋಗಕ್ಕೆ ಸಿಕ್ಕಿಲ್ಲ.

ಬದಲಿ ಹುಡುಕಲು ಸಾಮಗ್ರಿಗೇನೂ ಬರವಿಲ್ಲ. ಹೈದರಾಬಾದಿನ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲೂ, ಜಿಕೆವಿಕೆಯ ಕಿರುಧಾನ್ಯ ಯೋಜನೆಯಲ್ಲೂ ಸಾವಿರಾರು ರಾಗಿ ಮಾದರಿಗಳಿವೆ. ಇಕ್ರಿಸ್ಯಾಟಿನ ಮಾದರಿಗಳಿಂದ ಸೋಸಿ ತೆಗೆದ 622ರ ಸಂಗ್ರಹ, ಅದರಿಂದಲೂ ಸೋಸಿದ 80ರ ಕಿರುಸಂಗ್ರಹ ಕೂಡ ಇದೆ. ಇಂದಿನ ದರದಲ್ಲಿ ಆ 622ರ ಡಿಎನ್‌ಎ ಓದಿಸುವುದು ಒಂದು ಮಧ್ಯಮ ಗಾತ್ರದ ಪ್ರಾಜೆಕ್ಟಿನ ಕೆಲಸ. ಆ 622ನ್ನೂ ಮೂರು ಕಡೆ, ಮೂರು ವರ್ಷ ಬಿತ್ತಿ, ರೋಗ ಬರಿಸಿ, ಒಂದೊಂದು ಗಿಡದ ಮುಂದೆಯೂ ನಿಂತು ಅಂಕ ಕೊಡುವುದು ಬೇರೆಯೇ ಲೆಕ್ಕ.

ಪ್ರಯೋಗಾಲಯದಲ್ಲಿ ಯಾರಿರುತ್ತಾರೆ

ಒಂದು ವಿಶ್ವವಿದ್ಯಾಲಯದ ಸಸ್ಯ ಜೀನೋಮಿಕ್ಸ್ ಪ್ರಯೋಗಾಲಯದ ಬಾಗಿಲು ತೆಗೆದರೆ ಮೊದಲು ಸಿಗುವುದು ಬಿಳಿ ಕೋಟಿನವರು: ಎಲೆ ಅರೆದು ಡಿಎನ್‌ಎ ತೆಗೆಯುವ ಸಂಶೋಧನಾ ವಿದ್ಯಾರ್ಥಿಗಳು, ಪ್ರಾಜೆಕ್ಟ್ ಸಹಾಯಕರು. ಪಕ್ಕದ ಕೋಣೆಯಲ್ಲಿ ಕೋಟಿಲ್ಲದವರು, ಕಪ್ಪು ಪರದೆಯ ಮೇಲೆ ಸಾಲುಸಾಲು ಆಜ್ಞೆ ಕೊಡುತ್ತಿರುವ ಬಯೋಇನ್‌ಫರ್ಮ್ಯಾಟಿಕ್ಸ್‌ನವರು. ಹತ್ತು ಹದಿನೈದು ವರ್ಷದಲ್ಲಿ ತೂಕ ಈ ಕೋಣೆಯ ಕಡೆ ವಾಲಿದೆ. ಓದಿಸುವುದನ್ನು ಹೊರಗಿನ ಕಂಪನಿಗೆ ಕಳಿಸಬಹುದು. ಬಂದ ಕಡತಗಳನ್ನು ಬಿಡಿಸುವವರು ಮನೆಯಲ್ಲೇ ಬೇಕು. ಹಾಗೆ ಬಿಡಿಸಲು ಕಲಿತ ಹುಡುಗ ಹುಡುಗಿಯರನ್ನು ಬೆಂಗಳೂರಿನಂಥ ಊರಿನಲ್ಲಿ ಹಿಡಿದಿಟ್ಟುಕೊಳ್ಳುವುದು ಸುಲಭವಲ್ಲ. ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅದೇ ಕೌಶಲಕ್ಕೆ ವೈದ್ಯಕೀಯ ಜೀನ್ ಪರೀಕ್ಷೆಯ ಕಂಪನಿಗಳು ಕೊಡುವುದು ಬೇರೆ. ನಮ್ಮ ಬೆಂಗಳೂರಿನಲ್ಲೇ 2000ದಲ್ಲಿ ಐಐಎಸ್ಸಿಯ ಪ್ರಾಧ್ಯಾಪಕರೇ ಸೇರಿ ಸ್ಟ್ರ್ಯಾಂಡ್ ಎಂಬ ಅಂಥ ಕಂಪನಿ ಕಟ್ಟಿದ್ದರು. 2021ರಲ್ಲಿ ಅದನ್ನು ರಿಲಯನ್ಸ್ ಕೊಂಡುಕೊಂಡಿತು. ಪ್ರತಿಭೆ ಎತ್ತ ಹರಿಯುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೇ ಗುಂಪಿನವರು ಒಳಗೆ ಕಾಣುವುದಿಲ್ಲ. ಹೊರಗೆ ತಾಕಿನಲ್ಲಿರುತ್ತಾರೆ. ಚೀಟಿ ಕಟ್ಟುವವರು, ಕಳೆ ಕೀಳುವವರು, ತೆನೆ ಬಿಟ್ಟ ದಿನ ಬರೆದುಕೊಳ್ಳುವವರು, ಇಲುಕು ಎಣಿಸುವವರು, ಕಾಳು ತೂಗುವವರು. ಬಹಳಷ್ಟು ಜನ ದಿನಗೂಲಿಯ ಹೆಂಗಸರು. ಇವರ ಜತೆ ಒಬ್ಬ ಹಳೆಯ ಫೀಲ್ಡ್ ಅಸಿಸ್ಟೆಂಟ್. ಎಲೆ ನೋಡಿ ತಳಿ ಹೇಳುವಂಥವರು. ಪ್ರಬಂಧದ ಲೇಖಕರ ಪಟ್ಟಿಯಲ್ಲಿ ಇವರ ಹೆಸರು ಬಂದದ್ದನ್ನು ನಾನು ಕಂಡಿಲ್ಲ, ಹೆಚ್ಚೆಂದರೆ ಕೊನೆಯ ಕೃತಜ್ಞತೆಯ ಸಾಲಿನಲ್ಲಿ. ಜೀನ್ ಪತ್ತೆ ಹಚ್ಚುವ ಲೆಕ್ಕದಲ್ಲಿ ಎರಡು ಕಾಲಮ್ ಇರುತ್ತವೆ, ಒಂದು ಡಿಎನ್‌ಎ ಕೊಟ್ಟದ್ದು, ಇನ್ನೊಂದು ಈ ಹೆಂಗಸರು ಬರೆದುಕೊಂಡದ್ದು. ಎರಡನೇ ಕಾಲಮ್ ಎಡವಟ್ಟಾದರೆ ಮೊದಲನೆಯದು ಎಷ್ಟು ಕೋಟಿಯ ಯಂತ್ರದಿಂದ ಬಂದರೂ ಉತ್ತರ ತಪ್ಪೇ.

ಕಾಲದ ಲೆಕ್ಕವೂ ಹೊಂದುವುದಿಲ್ಲ. ಪ್ರಾಜೆಕ್ಟಿನ ಅವಧಿ ಸಾಮಾನ್ಯವಾಗಿ ಮೂರು ವರ್ಷ, ಪಿಎಚ್‌ಡಿ ಐದು. ರಾಗಿಯ ಒಂದು ಅಡ್ಡ ಹಾಯಿಸಿದ ಸಾಲು ಆರು ತಲೆಮಾರು ಕಳೆದು ಸ್ಥಿರವಾಗಬೇಕು. ಆಮೇಲೆ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷೆ, ಆಮೇಲೆ ಅಖಿಲ ಭಾರತ ಸಮನ್ವಿತ ಯೋಜನೆಯಲ್ಲಿ ಹಲವು ರಾಜ್ಯಗಳಲ್ಲಿ ಹಂತಹಂತದ ಪರೀಕ್ಷೆ, ಆಮೇಲೆ ಅಧಿಸೂಚನೆ. ಬೇಸಿಗೆಯಲ್ಲಿ ನೀರು ಕೊಟ್ಟು ಎರಡನೇ ಬೆಳೆ ತೆಗೆದರೂ ಹತ್ತಿರ ಹತ್ತಿರ ಹತ್ತು ವರ್ಷ. ಶುರು ಮಾಡಿದ ವಿದ್ಯಾರ್ಥಿ ಅಷ್ಟರಲ್ಲಿ ಇನ್ನೆಲ್ಲೋ ಇರುತ್ತಾನೆ. ಬಡ್ತಿಗೆ ಲೆಕ್ಕಕ್ಕೆ ಬರುವುದು ಪ್ರಬಂಧ. ಎಂಟನೇ ವರ್ಷದಲ್ಲಿ ತಿರಸ್ಕೃತವಾದ ಒಂದು ಒಳ್ಳೆಯ ಸಾಲು ಯಾರ ಬಯೋಡೇಟಾದಲ್ಲೂ ಕಾಣುವುದಿಲ್ಲ.

ಏನನ್ನು ಅಳೆಯುತ್ತಿದ್ದೇವೆ

ಅಳೆಯುವ ಕೆಲಸ ಜಿಕೆವಿಕೆಯಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಅಲ್ಲಿನ ಬೆಳೆ ಶರೀರಕ್ರಿಯಾ ವಿಭಾಗ ಬರದ ಅಳತೆಯಲ್ಲಿ ದೇಶಕ್ಕೇ ಹೆಸರಾದದ್ದು. ಕುಂಡಗಳನ್ನು ತೂಕದ ಯಂತ್ರದ ಮೇಲಿಟ್ಟು, ಗಿಡ ಎಷ್ಟು ನೀರು ಕುಡಿದು ಎಷ್ಟು ಒಣತೂಕ ಕಟ್ಟಿತು ಎಂದು ಲೆಕ್ಕ ಹಿಡಿಯುತ್ತಾರೆ. ಮಳೆ ಬಂದರೆ ಮೇಲೆ ಸರಿದು ಮುಚ್ಚುವ ಸೂರು ಕೂಡ ಇದೆ. ಇಂಥ ವ್ಯವಸ್ಥೆ ಒಂದಿರುವುದೇ ದೊಡ್ಡದು. ನನ್ನ ತಕರಾರು ಅಳೆಯುವ ಗುಣಗಳ ಆಯ್ಕೆಯ ಬಗ್ಗೆ.

ನಾನು ಓದಿದ ಜೀನ್ ಹುಡುಕಾಟದ ಪ್ರಬಂಧಗಳಲ್ಲಿ ತಿರುತಿರುಗಿ ಬರುವುದು ಹೂ ಬಿಡುವ ದಿನ, ಗಿಡದ ಎತ್ತರ, ಕಾಳಿನ ಇಳುವರಿ, ರೋಗ, ಕ್ಯಾಲ್ಸಿಯಂ, ಕಬ್ಬಿಣ, ಸತು. ರೈತ ಕೇಳುವುದು ಇದರ ಜತೆ ಇನ್ನೂ ಮೂರು ನಾಲ್ಕು. ಹುಲ್ಲು ಎಷ್ಟು ಬರುತ್ತದೆ ಎಂಬುದಷ್ಟೇ ಅಲ್ಲ, ಹಸು ಅದನ್ನು ಮಿಗಿಸದೆ ತಿನ್ನುತ್ತದೆಯೇ? ಬಯಲುಸೀಮೆಯಲ್ಲಿ ಮೆದೆ ಹಾಕಿದ ರಾಗಿ ಹುಲ್ಲು ಬೇಸಿಗೆಯ ಹಾಲಿನ ಲೆಕ್ಕ. ಗಾಳಿಗೆ ಒರಗುತ್ತದೆಯೇ? ಒರಗಿದರೆ ಕೊಯ್ಲು ಯಂತ್ರ ಎತ್ತುವುದಿಲ್ಲ, ಕೈಯಲ್ಲಿ ಕೊಯ್ಯಲು ಆಳು ಸಿಗುವುದಿಲ್ಲ. ಅಕ್ಕಡಿಯಲ್ಲಿ ಅವರೆ, ತೊಗರಿ ಸಾಲಿನ ಪಕ್ಕ ಹೇಗೆ ನಿಲ್ಲುತ್ತದೆ? ಸಂಶೋಧನಾ ತಾಕಿನಲ್ಲಿ ರಾಗಿ ಒಂಟಿಯಾಗಿ ಬೆಳೆಯುತ್ತದೆ. ಹೊಲದಲ್ಲಿ ಹಾಗೆ ಬೆಳೆಯಬೇಕೆಂದಿಲ್ಲ. ಕೊನೆಗೆ ಮುದ್ದೆ ಹೇಗೆ ಬರುತ್ತದೆ? ಹಿಟ್ಟು ಜಿಗುಟಾಗಿ ಉಂಡೆ ಕಟ್ಟುತ್ತದೋ, ತಣ್ಣಗಾದ ಮೇಲೆ ಬಿರಿಯುತ್ತದೋ. ಹೊಸ ತಳಿ ಬಂದು ಎರಡು ವರ್ಷಕ್ಕೆ ಕೈಬಿಟ್ಟವರನ್ನು ಕೇಳಿದರೆ ಇಳುವರಿಗಿಂತ ಈ ಕಾರಣಗಳೇ ಮುಂದೆ ಬರುತ್ತವೆ. ಹಿಟ್ಟಿನ ಜಿಗುಟನ್ನು ಅಳೆಯುವ ಯಂತ್ರ ಆಹಾರ ವಿಜ್ಞಾನ ವಿಭಾಗಗಳಲ್ಲಿ ಇರುತ್ತದೆ, ಅದೇ ಆವರಣದಲ್ಲಿ.

ಕ್ಯಾಲ್ಸಿಯಂ ಬಗ್ಗೆಯೂ ಒಂದು ಮಾತು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ. ಅಕ್ಕಿಯಲ್ಲಿ ಹತ್ತನ್ನು ಮುಟ್ಟುವುದೂ ಕಷ್ಟ. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು ಬಹಳ ವರ್ಷದಿಂದ ಇದರ ಬೆನ್ನು ಹತ್ತಿದೆ: ಬೇರಿನಿಂದ ಕಾಳಿಗೆ ಕ್ಯಾಲ್ಸಿಯಂ ಹೇಗೆ ಬರುತ್ತದೆ, ಯಾವ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ ಎಂದು. ಒಳ್ಳೆಯ ವಿಜ್ಞಾನ. ಆದರೆ "ರಾಗಿಯಲ್ಲಿ 330 ಕ್ಯಾಲ್ಸಿಯಂ ಜೀನ್" ಎಂಬ ಸಾಲು ಹೆಲ್ತ್ ಮಿಕ್ಸ್ ಪೊಟ್ಟಣದ ಜಾಹೀರಾತಿನ ದನಿಗೆ ತಿರುಗುವುದು ಬಹಳ ಸಲೀಸು. ಕ್ಯಾಲ್ಸಿಯಂ ಸಾಗಿಸುವ ಜೀನ್ ಭತ್ತದಲ್ಲೂ ಇವೆ, ಎಲ್ಲ ಗಿಡದಲ್ಲೂ ಇವೆ. ಅದಿಲ್ಲದೆ ಗಿಡವೇ ಇಲ್ಲ. ರಾಗಿಯಲ್ಲಿ ಅವು ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡುತ್ತವೆ ಎಂಬುದರಲ್ಲಿ ವಿಶೇಷವಿದೆ. ಕಾಳಿನಲ್ಲಿರುವ ಫೈಟೇಟು, ಟ್ಯಾನಿನ್ನು ಆ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವುದೂ ಉಂಟು. ಮೊಳಕೆ ಕಟ್ಟಿ ಹುರಿದು ಬೀಸಿದ ಹುರಿಹಿಟ್ಟು ಮಕ್ಕಳಿಗೆ ಕೊಡುತ್ತಿದ್ದ ನಮ್ಮ ಅಜ್ಜಿಯಂದಿರು ಆ ಕಟ್ಟನ್ನು ಸಡಿಲಿಸುವ ದಾರಿಯನ್ನು ಜೀನೋಮ್ ಇಲ್ಲದೆಯೇ ಹಿಡಿದಿದ್ದರು.

ಇನ್ನು ಮುಂದೆ

2022ರ ಮಾರ್ಚಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಗಿನ ಜೀನ್ ಸೇರಿಸದ, ಇದ್ದ ಜೀನನ್ನೇ ತಿದ್ದಿದ ಗಿಡಗಳನ್ನು ಕುಲಾಂತರಿ ಬೆಳೆಗಳ ಬಿಗಿ ನಿಯಮದಿಂದ ಹೊರಗಿಟ್ಟಿತು. 2025ರ ಮೇ 4ರಂದು ಹಾಗೆ ತಿದ್ದಿದ ಎರಡು ಭತ್ತದ ತಳಿಗಳನ್ನು, ಡಿಆರ್‌ಆರ್ ಧಾನ್ 100 ಕಮಲಾ ಮತ್ತು ಪೂಸಾ ಡಿಎಸ್‌ಟಿ ರೈಸ್ 1, ಸರ್ಕಾರ ಪ್ರಕಟಿಸಿತು. ರಾಗಿಗೂ ಇದು ಬರುತ್ತದೆಯೇ ಎಂಬ ಪ್ರಶ್ನೆ ಸಹಜ. ನನ್ನ ಅಂದಾಜು: ಬರುತ್ತದೆ, ಬೇಗ ಬರುವುದಿಲ್ಲ. ರಾಗಿಯಲ್ಲಿ ಒಂದು ಗುಣವನ್ನು ತಿದ್ದಲು 'ಎ' ಕಡೆಯದನ್ನೂ 'ಬಿ' ಕಡೆಯದನ್ನೂ ಒಟ್ಟಿಗೆ ತಿದ್ದಬೇಕಾಗಬಹುದು. ಗಾಜಿನ ಬುಡ್ಡಿಯಲ್ಲಿ ರಾಗಿಯ ಜೀವಕೋಶದಿಂದ ಪೂರ್ಣ ಗಿಡ ಎಬ್ಬಿಸುವ ಕಲೆ ಭತ್ತದಲ್ಲಿ ಪಳಗಿದಷ್ಟು ಇಲ್ಲಿ ಪಳಗಿಲ್ಲ. ತಿದ್ದುವ ಕತ್ತರಿ ಇದ್ದರೂ ಎಲ್ಲಿ ತಿದ್ದಬೇಕೆಂದು ಹೇಳುವುದು ಮತ್ತೆ ಆ ಎರಡನೇ ಕಾಲಮ್ಮೇ.

ಒಡೆತನದ ಪ್ರಶ್ನೆಯೂ ಮೆಲ್ಲನೆ ಎದ್ದಿದೆ. ರಾಗಿಯ ಪೂರ್ಣ ಜೀನೋಮ್ ಕೀನ್ಯಾದ ಗಿಡದ್ದು, ಅಮೆರಿಕದಲ್ಲಿ ಜೋಡಣೆಯಾದದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದದ್ದು. ಬೀಜ ಗಡಿ ದಾಟಿದರೆ ಕಾನೂನಿದೆ. ನಮ್ಮ 2001ರ ತಳಿ ಮತ್ತು ರೈತರ ಹಕ್ಕು ಕಾಯಿದೆ ರೈತರ ತಳಿಯನ್ನೂ ನೋಂದಾಯಿಸುತ್ತದೆ. ಬೀಜದ ಬದಲು ಅದರ ಅಕ್ಷರಗಳ ಕಡತ ದಾಟಿದರೆ? ಜೀವವೈವಿಧ್ಯ ಒಪ್ಪಂದದ ದೇಶಗಳು ಹೀಗೆ ಲಾಭ ಪಡೆಯುವ ಕಂಪನಿಗಳಿಂದ ಪಾಲು ಸಂಗ್ರಹಿಸಲು ಕ್ಯಾಲಿ ನಿಧಿ ಎಂಬುದನ್ನು 2025ರ ಫೆಬ್ರವರಿಯಲ್ಲಿ ಶುರು ಮಾಡಿವೆ. ಕೊಡುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು, ಆದ್ದರಿಂದ ದೊಡ್ಡ ಆಸೆ ಇಟ್ಟುಕೊಳ್ಳಬೇಕಿಲ್ಲ. ರಾಗಿಯ ಮಟ್ಟಿಗೆ ನನಗೆ ಇದಕ್ಕಿಂತ ತುರ್ತಾಗಿ ಕಾಣುವುದು ಇನ್ನೊಂದು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಹಿಂದಿನ ವರ್ಷಕ್ಕಿಂತ 596 ಹೆಚ್ಚು. ಬೆಲೆ ಏರಿದಾಗ ಜನ ಅಕ್ಕಡಿ ಬಿಟ್ಟು, ಹಳೆಯ ತಳಿ ಬಿಟ್ಟು, ಖರೀದಿ ಕೇಂದ್ರಕ್ಕೆ ಹೆಚ್ಚು ಚೀಲ ಹಾಕುವ ಒಂದೆರಡು ತಳಿಯ ಕಡೆ ವಾಲುತ್ತಾರೆ. ಹಾಗೆ ವಾಲುವ ತಳಿಗಳೆಲ್ಲ ಐಇ-1012ರ ಮೊಮ್ಮಕ್ಕಳೇ ಆಗಿದ್ದರೆ, ಬೆಂಕಿ ರೋಗದ ಹೊಸ ರೂಪವೊಂದು ಬಂದ ವರ್ಷ ಏನಾಗುತ್ತದೆ ಎಂದು ಮೊದಲೇ ತಿಳಿದುಕೊಳ್ಳುವ ದಾರಿ ಇದೆ: ಸಂಗ್ರಹದ 622 ಸಾಲುಗಳನ್ನೂ ರೋಗ ಹೆಚ್ಚಾಗಿ ಬರುವ ಜಾಗಗಳಲ್ಲಿ ಬಿತ್ತಿ, ಕುತ್ತಿಗೆಯನ್ನೂ ಇಲುಕನ್ನೂ ಬೇರೆ ಬೇರೆ ಅಂಕ ಹಾಕಿ, ಐದು ವರ್ಷ ಬಿಡದೆ ಬರೆದುಕೊಳ್ಳುವುದು. ಅದಕ್ಕೆ ಬೇಕಾದದ್ದು ಅಂಕ ಹಾಕಲು ಕಲಿತ ಏಳೆಂಟು ಜನ, ಅವರಿಗೆ ಐದು ವರ್ಷದ ಸಂಬಳ ಮತ್ತು ಪ್ರಬಂಧದಲ್ಲಿ ಅವರ ಹೆಸರು.